ಮೂವತ್ತು ಕಿಲೋ

ತಿಮ್ಮವ್ವಾ,
ನೀ ಹಾಡಿದ್ದೆಲ್ಲ ನಾ ಬರಕೊಂಡದ್ದು
ಹತ್ತಿ ಗಿರಣಿಯ ರದ್ದಿ ಪಾವತಿಗಳ ಬೆನ್ನಮ್ಯಾಲೆ.
ನಿನಗ ಓದಾಕ ಬರತಿರಲಿಲ್ಲ, ನನಗ ಹಾಡಾಕ.
ಮಸ್ಕಿ ಗುಡ್ಡದ ಬುಡಕ ನಿನ್ನ ಮಣ್ಣು ಮಾಡಿ ಬಂದ ವರ್ಷ
ರಾಯಚೂರಾಗ, ತೀನ್ ಕಂದೀಲದ ಹಿಂದಿನ ಓಣಿಯೊಳಗ
ಐನೂರು ಪ್ರತಿ ಹೊಲಿದೆ, ರಟ್ಟು ಹಾಕಿದೆ.
ನೂರು ಹಂಚಿದೆ.
ಉಳಿದವು ಇಲಿಗೆ ಅಂಜಿ ಅಟ್ಟ ಏರಿದವು.

ಗಾರೆ ಕೆಲಸಕ್ಕ ಮಸ್ಕತ್ತಿಗೆ ಹೊಂಟ ಹುಡುಗನೊಬ್ಬ
ಹರಿದ ಡೈರಿಗೆ ಹೊಲಿಗಿ ಹಾಕಿಸಾಕ ಬಂದವ
ಸುಮ್ಮನ ಅಂದ:
‘ಅಲ್ಲಿ ಓದಾಕ ಏನೂ ಸಿಗಂಗಿಲ್ಲಂತ ಯಜಮಾನ್ರ,
ನೀರಿನ ಬಾಟ್ಲಿ ಮ್ಯಾಲಿನ ಅರಬ್ಬಿ ಬಿಟ್ಟರ.’
ಆ ಮಾತು ಎರಡು ವರ್ಷ
ನನ್ನ ಸೂಜಿಯ ಕಣ್ಣಾಗ ಸಿಕ್ಕೊಂಡಿತ್ತು.

ಕಟಿಂಗ್ ಮಶೀನು ಗಂಜಿನೊಳಗ ಅಡ ಇಟ್ಟೆ.
‘ಅಲ್ಲಿ ಯಾರದಾರ ನಿನಗ?’ ಅಂದಳು ಮೌಲಮ್ಮ.
‘ಒಂದು ನಂಬರು ಐತಿ.’
‘ಹಚ್ಚು ನೋಡೂಣು.’
ಹಚ್ಚಿದರ ಹೆಣ್ಣೊಬ್ಬಳು ಅರಬ್ಬಿಯೊಳಗ
ಏನೋ ಹೇಳಿದಳು, ಮತ್ತದನ್ನೇ ಹೇಳಿದಳು.
ಮೌಲಮ್ಮ ಕಿವಿಗೆ ಹಿಡಕೊಂಡು ಪೂರಾ ಕೇಳಿ,
‘ದನಿ ಚೊಲೋ ಐತಿ. ಹೋಗಿ ಬಾ’ ಅಂದಳು.

ಶಂಷಾಬಾದಿನ ತಕ್ಕಡಿಗೆ ದಯೆ ಇಲ್ಲವ್ವಾ.
ಮೂವತ್ತು ಕಿಲೋಕ್ಕ ಗುಲಗಂಜಿ ಹೆಚ್ಚು ಆಗಂಗಿಲ್ಲ,
ನನ್ನ ಗಂಟು ಮೂವತ್ತನಾಕು.
ಪುಸ್ತಕ ತೆಗೀರಿ ಅಂದಳು ಆ ಹುಡುಗಿ.
ನಾ ಅಂಗಿ ತೆಗೆದೆ.
ನಾಕು ಅಂಗಿ ಒಂದರ ಮ್ಯಾಲೊಂದು ತೊಟ್ಟು,
ಖಡಕ್ ರೊಟ್ಟಿ ಕಸ ಗುಡಿಸೋ ಅಕ್ಕನ ಉಡಿಗೆ ಹಾಕಿ
ಬೆವೆತುಕೋತ ಆಕಾಶಕ್ಕ ಹೋದೆ.

ಮಸ್ಕತ್ತಿನ ಸಾಹೇಬ ಪುಸ್ತಕ ತಿರುವಿದ,
ಉಲ್ಟಾ ಹಿಡಿದೇ ತಿರುವಿದ.
‘ಏನಿದು?’
‘ಹಾಡು’ ಅಂದೆ, ನನಗ ಬರೋ ಮುರುಕು ಉರ್ದುವಿನಾಗ.
ಪಾಸ್‌ಪೋರ್ಟಿನ್ಯಾಗ ನನ್ನ ಹೆಸರಿನ ಮೊದಲರ್ಧ ಓದಿ
ಮಾರಿ ಅರಳಿತು. ಉಳಿದರ್ಧ ಓದಿ
ತಲಿ ತುರಿಸಿಕೊಂಡ.
ಹುಸೇನಪ್ಪ.
ಅಲಾಯಿ ಕುಣಿಗೆ ಉಪ್ಪು ಹಾಕಿ, ಹರಕೆ ಹೊತ್ತು
ನಮ್ಮವ್ವ ಹಡೆದ ಕತಿ ಹೆಂಗ ಹೇಳಲಿ ಅವಗ?
ಹಿಂದ ಸಾಲು ಬೆಳೆದಿತ್ತು.
ಠಪ್ಪಂತ ಶಿಕ್ಕಾ ಬಿತ್ತು.

ನಂಬರಿನ ಹುಡುಗ ಸಿಗಲಿಲ್ಲ, ಎಂದೋ ಸಲಾಲಾಕ್ಕ ಹೋಗಿದ್ದ.
ಬಸ್ ನಿಲ್ದಾಣದ ಚಹಾದವ ಬೆರಳು ಮಾಡಿದ ಕಡೆ
ಗಂಟು ಎಳಕೋತ ನಡೆದೆ.
ಒಂದು ಖೋಲಿ, ಹನ್ನೆರಡು ಮಂಚ,
ಮಂಚಕ್ಕೊಂದು ಊರು: ಕುಷ್ಟಗಿ, ಕಾರಟಗಿ, ಸಿರುಗುಪ್ಪ.
ನಿನ್ನ ಪುಸ್ತಕ ಇಸಗೊಂಡು ಒಬ್ಬ ಗಾಳಿ ಬೀಸಿಕೊಂಡ,
ಒಬ್ಬ ಅದರೊಳಗ ಊರಿಗೆ ರೊಕ್ಕ ಹಾಕಿದ ಚೀಟಿ ಇಟ್ಟ,
ಒಬ್ಬ ಮೂಸಿ ನೋಡಿ, ‘ಸಾಲಿ ವಾಸನಿ’ ಅಂದ.
ಅಕ್ಷರ ಕೂಡಿಸಿ ಓದಾವ ಒಬ್ಬನೂ ಕಾಣಲಿಲ್ಲ.

ಆಗ ಮ್ಯಾಲಿನ ಮಂಚದಿಂದ ಇಳಿದ
ಪರಿತೋಷ ಮಂಡಲ್.
ಬಂಗಾಲಿ ಅಂದ್ಕೊಂಡೆ.
‘ಹೌದ್ರೀ. ಸಿಂಧನೂರು, ಮೂರನೇ ಕ್ಯಾಂಪು.
ಏಳನೇತ್ತ ತನಕ ಕನ್ನಡ ಸಾಲಿ.’
ಅಜ್ಜ ಬಿಟ್ಟು ಬಂದ ನದಿ ಯಾವುದೋ,
ಇವ ಈಜು ಕಲಿತದ್ದು ತುಂಗಭದ್ರಾ ಕಾಲುವಿಯಾಗ.
ಟ್ಯೂಬ್‌ಲೈಟಿನ ಕೆಳಗ ನಿಂತು ಓದಿದ,
ಒತ್ತಕ್ಷರದ ಮುಂದ ಕಾಲುವಿ ದಾಟೋರಂಗ
ಗಕ್ಕನ ನಿಂತು, ಹಾರಿ.
ಹದಿನೇಳನೇ ಪುಟಕ್ಕ ನನ್ನ ಜೀವ ಹೋತು:
ಒಂದು ಫಾರಂ ತಲಿಕೆಳಗ ಹೊಲಿದೀನಿ!
ಮೂವತ್ತು ವರ್ಷ ಸೂಜಿ ಹಿಡಿದ ಕೈ ಇದು.
ಅವ ಮಾತಾಡಲಿಲ್ಲ. ಪುಸ್ತಕ ತಿರುಗಿಸಿಕೊಂಡ,
ಆ ಎಂಟು ಪುಟ ಓದಿದ,
ಮತ್ತ ತಿರುಗಿಸಿಕೊಂಡ.

ಬಂದು ಐದು ತಿಂಗಳಾತು.
ಮಶೀನು ಇನ್ನೂ ಗಂಜಿನೊಳಗ ಐತಿ.
ಮೊನ್ನೆ ಫೋನಿಗೊಂದು ದನಿ ಬಂತು, ಹನ್ನೊಂದು ಸೆಕೆಂಡು,
ಹಿಂದ ಪಾತ್ರಿ ತೊಳೆಯೋ ಸಪ್ಪಳ.
‘ಬಾಗಿಲಿಲ್ಲದ ಮನಿಗೆ ಬೀಗ್ಯಾಕ ತಮ್ಮಾ’
ಅಂತಿದ್ದೆಲ್ಲ ನೀನು,
ಅಲ್ಲಿ ಯಾರೋ ದೋಣಿ ನೂಕೋ ಧಾಟಿಯೊಳಗ
‘ಬೀಗಿಲ್ಲದ ಮನಿಗೆ ಬಾಗಿಲ್ಯಾಕ ತಮ್ಮಾ’ ಅಂತ ಎಳೀತಾರ.
ನೀನಿದ್ದರ ಬೈತಿದ್ದಿ.
ತಿದ್ದಬೇಕಂತ ಫೋನು ತೆಗೆದೆ,
ಮತ್ತ ಕೇಳಿದೆ, ಮೌಲಮ್ಮನ ಕಿವಿಗೂ ಹಿಡಿದೆ.
ಮುಂದಿನ ಸಲ ಅಚ್ಚಿಗೆ ಹಾಕುವಾಗ
ಯಾವುದನ್ನ ಇಡಲಿ ಹೇಳು.